ಕೋವಿಡ್ ವಾರ್ಡಿನ ಆ್ಯಂಟಿಬಯಾಟಿಕ್: ಮೂರನೆಯ ದಿನದ ಪ್ರಶ್ನೆ

ಕೋವಿಡ್-19 ವೈರಸ್‌ನಿಂದ ಬರುವ ಕಾಯಿಲೆ. ಆ್ಯಂಟಿಬಯಾಟಿಕ್ ಕೆಲಸ ಮಾಡುವುದು ಬ್ಯಾಕ್ಟೀರಿಯಾದ ಮೇಲೆ. ಹೀಗಿದ್ದೂ, 2020ರ ಜನವರಿಯಿಂದ 2023ರ ಮಾರ್ಚ್‌ವರೆಗೆ 65 ದೇಶಗಳಲ್ಲಿ ಆಸ್ಪತ್ರೆ ಸೇರಿದ ಸುಮಾರು 4.5 ಲಕ್ಷ ಕೋವಿಡ್ ರೋಗಿಗಳ ಮಾಹಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಪರಿಶೀಲಿಸಿದಾಗ, ಬ್ಯಾಕ್ಟೀರಿಯಾ ಸೋಂಕೂ ಇದ್ದವರು ಶೇ 8ರಷ್ಟು, ಆ್ಯಂಟಿಬಯಾಟಿಕ್ ಪಡೆದವರು ಸುಮಾರು ಶೇ 75ರಷ್ಟು ಎಂದು ಕಂಡುಬಂತು. ಈ ಅಂತರವನ್ನು ವೈದ್ಯರ ಅಜ್ಞಾನವೆಂದು ತಳ್ಳಿಹಾಕಿದರೆ ನಾವು ಏನನ್ನೂ ಕಲಿತಂತಾಗುವುದಿಲ್ಲ.

ಒಂದು ಕೇಸ್ ಶೀಟನ್ನು ಕಲ್ಪಿಸಿಕೊಳ್ಳೋಣ. 2020ರ ಆಗಸ್ಟ್‌ನ ಒಂದು ರಾತ್ರಿ 58 ವರ್ಷದ ಮಧುಮೇಹಿಯೊಬ್ಬರು ಐದು ದಿನಗಳ ಜ್ವರ, ಕೆಮ್ಮಿನೊಂದಿಗೆ ದಾಖಲಾಗುತ್ತಾರೆ. ಆಮ್ಲಜನಕದ ಮಟ್ಟ 89, ಎಕ್ಸ್‌ರೇಯಲ್ಲಿ ಎರಡೂ ಶ್ವಾಸಕೋಶಗಳಲ್ಲಿ ಬಿಳಿ ಮಚ್ಚೆಗಳು, ರಕ್ತಪರೀಕ್ಷೆಯಲ್ಲಿ ಸಿಆರ್‌ಪಿ ಎಂಬ ಪ್ರೋಟೀನ್ ಏರಿದೆ. ಇವೆಲ್ಲ ಬ್ಯಾಕ್ಟೀರಿಯಾ ನ್ಯುಮೋನಿಯಾದಲ್ಲೂ ಕಾಣುವ ಲಕ್ಷಣಗಳೇ. ಸಿಆರ್‌ಪಿ ಉರಿಯೂತದ ಗುರುತೇ ಹೊರತು ಬ್ಯಾಕ್ಟೀರಿಯಾದ ಗುರುತಲ್ಲ. ಆರ್‌ಟಿ-ಪಿಸಿಆರ್ ಫಲಿತಾಂಶ ಇನ್ನೂ ಬಂದಿಲ್ಲ. ಕೆಮ್ಮಿಸಿ ಕಫ ತೆಗೆದರೆ ಸಿಬ್ಬಂದಿಗೆ ಸೋಂಕು ತಗುಲುವ ಭಯವಿರುವುದರಿಂದ ಕಲ್ಚರ್‌ಗೆ (ಬ್ಯಾಕ್ಟೀರಿಯಾವನ್ನು ಬೆಳೆಸಿ ಗುರುತಿಸುವ ಪರೀಕ್ಷೆಗೆ) ಮಾದರಿಯೂ ಹೋಗಿಲ್ಲ. 1918ರ ಇನ್‌ಫ್ಲುಯೆಂಜಾದಲ್ಲಿ ಹೆಚ್ಚಿನ ಸಾವುಗಳು ಬೆನ್ನಿಗೇ ಬಂದ ಬ್ಯಾಕ್ಟೀರಿಯಾ ನ್ಯುಮೋನಿಯಾದಿಂದ ಆದವು ಎಂಬ ಪಾಠವೂ ಮನಸ್ಸಿನಲ್ಲಿದೆ. ಡ್ಯೂಟಿ ಡಾಕ್ಟರ್ ಸೆಫ್ಟ್ರಿಯಾಕ್ಸೋನ್ ಮತ್ತು ಅಜಿತ್ರೋಮೈಸಿನ್ ಎಂಬ ಎರಡು ಆ್ಯಂಟಿಬಯಾಟಿಕ್ ಬರೆಯುತ್ತಾರೆ. ಆ ರಾತ್ರಿಯ ಮಟ್ಟಿಗೆ ಸೆಫ್ಟ್ರಿಯಾಕ್ಸೋನ್ ಆರಂಭಿಸಿದ್ದನ್ನು ನಾನು ತಪ್ಪೆನ್ನಲಾರೆ. ಅಜಿತ್ರೋಮೈಸಿನ್ ಕೋವಿಡ್‌ಗೇ ಮದ್ದಾದೀತೆಂಬ ನಿರೀಕ್ಷೆ ಆಗ ಇತ್ತು. ಬ್ರಿಟನ್ನಿನ 'ರಿಕವರಿ' ಎಂಬ ಔಷಧ ಪ್ರಯೋಗದಲ್ಲಿ ಅದನ್ನು ಪಡೆದವರಲ್ಲೂ ಪಡೆಯದವರಲ್ಲೂ 28 ದಿನಗಳ ಸಾವಿನ ಪ್ರಮಾಣ ಶೇ 22ರಷ್ಟೇ ಇದ್ದುದರಿಂದ ಆ ನಿರೀಕ್ಷೆ ಹುಸಿಯಾಯಿತು.

ನಿಜವಾದ ತಪ್ಪು ನಡೆಯುವುದು ಮೂರನೆಯ ದಿನ. 48ರಿಂದ 72 ಗಂಟೆಗಳೊಳಗೆ ಚಿಕಿತ್ಸೆಯನ್ನು ಮರುಪರಿಶೀಲಿಸಬೇಕೆಂಬುದು ಹಳೆಯ ನಿಯಮ. ಅಷ್ಟರಲ್ಲಿ ಪಿಸಿಆರ್ ಪಾಸಿಟಿವ್ ಬಂದು, ಬ್ಯಾಕ್ಟೀರಿಯಾ ಸೋಂಕಿನಲ್ಲಿ ಸಾಮಾನ್ಯವಾಗಿ ರಕ್ತದಲ್ಲಿ ಏರುವ ಪ್ರೊಕ್ಯಾಲ್ಸಿಟೋನಿನ್ ಮಿಲಿಲೀಟರಿಗೆ 0.25 ನ್ಯಾನೊಗ್ರಾಮ್‌ಗಿಂತ ಕೆಳಗಿದ್ದು, ರಕ್ತದೊತ್ತಡ ಸ್ಥಿರವಾಗಿದ್ದರೆ ಔಷಧ ನಿಲ್ಲಿಸಲು ಸಾಕಷ್ಟು ಆಧಾರವಿರುತ್ತದೆ (ಆ ಒಂದೇ ಅಂಕಿಯನ್ನು ನೆಚ್ಚಿ ನಿಲ್ಲಿಸಬಾರದು, ರೋಗಿಯನ್ನು ನೋಡಬೇಕು). ಆದರೆ ಪಿಪಿಇ ತೊಟ್ಟ ರೌಂಡ್ಸ್ ಮೊಟಕಾಗಿದೆ. ಆ್ಯಂಟಿಬಯಾಟಿಕ್ ಬಳಕೆಯ ಮೇಲೆ ಕಣ್ಣಿಡಬೇಕಾದ ಸೂಕ್ಷ್ಮಜೀವಿಶಾಸ್ತ್ರಜ್ಞರು ಕೋವಿಡ್ ಪರೀಕ್ಷೆಯಲ್ಲಿ ಮುಳುಗಿದ್ದಾರೆ. ಪಾಳಿ ಬದಲಾಗಿದೆ, ಹಿಂದಿನವರು ಬರೆದದ್ದನ್ನು ಹೊಡೆದುಹಾಕಲು ಹೊಸಬರಿಗೆ ಮನಸ್ಸು ಬಾರದು. 'ಇರಲಿ ಬಿಡಿ' ಎಂಬ ಎರಡು ಪದಗಳಲ್ಲಿ ಏಳು ದಿನಗಳ ಕೋರ್ಸ್ ಮುಗಿಯುತ್ತದೆ.

ಇನ್ನು ಹತ್ತನೆಯ ದಿನ. ಅದೇ ರೋಗಿ ಈಗ ಐಸಿಯುನಲ್ಲಿ ವೆಂಟಿಲೇಟರ್ ಮೇಲಿದ್ದಾರೆ, ಸ್ಟೀರಾಯ್ಡ್ ನಡೆಯುತ್ತಿದೆ, ಜ್ವರ ಮರುಕಳಿಸಿದೆ. ಇದು ಬೇರೆಯದೇ ಪರಿಸ್ಥಿತಿ. ದಾಖಲಾತಿಯ ದಿನದ ಸೋಂಕನ್ನೂ ಆಸ್ಪತ್ರೆಯಲ್ಲಿ ತಗುಲಿದ ಸೋಂಕನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಜಾಲದ ಹತ್ತು ಆಸ್ಪತ್ರೆಗಳ 17,534 ಕೋವಿಡ್ ರೋಗಿಗಳಲ್ಲಿ ಇಂಥ ಎರಡನೆಯ ಸೋಂಕು ಬಂದದ್ದು ಶೇ 3.6ರಷ್ಟು ಜನರಿಗೆ ಮಾತ್ರ. ಆದರೆ ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸತ್ತರು. ಮುಂಚೂಣಿಯಲ್ಲಿದ್ದವು ಕ್ಲೆಬ್ಸಿಯೆಲ್ಲಾ ಮತ್ತು ಅಸಿನೆಟೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾಗಳು. ಇಲ್ಲಿ ತಡಮಾಡದೆ ಆ್ಯಂಟಿಬಯಾಟಿಕ್ ಕೊಡಲೇಬೇಕು, ಆದರೆ ಮೊದಲು ಕಲ್ಚರ್‌ಗೆ ರಕ್ತ ಕಳಿಸಿ. ಮೊದಲ ವಾರದ ಅನಗತ್ಯ ಔಷಧಕ್ಕೆ ಸೋತು ಸತ್ತ ಬ್ಯಾಕ್ಟೀರಿಯಾಗಳ ಜಾಗದಲ್ಲಿ ಪ್ರತಿರೋಧವುಳ್ಳವು ಬೆಳೆದಿರಬಹುದು. ಅಂಥದ್ದು ಮೆರೊಪೆನೆಮ್‌ನಂಥ ಪ್ರಬಲ ಆ್ಯಂಟಿಬಯಾಟಿಕ್‌ಗೂ ಬಗ್ಗದಿದ್ದರೆ, ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲ ಕೋಲಿಸ್ಟಿನ್‌ನಂಥ ಕೆಲವೇ ಔಷಧಗಳು ವೈದ್ಯರ ಕೈಯಲ್ಲಿ ಉಳಿದಿರುತ್ತವೆ.