ಕಬ್ಬು, ಮೆಕ್ಕೆಜೋಳದ ಪ್ಲಾಸ್ಟಿಕ್ ತಿಪ್ಪೆಯಲ್ಲಿ ಗೊಬ್ಬರವಾಗುತ್ತದೆಯೇ?

ಪ್ರಶ್ನೆ: ಕಬ್ಬು, ಮೆಕ್ಕೆಜೋಳಗಳಿಂದ ತಯಾರಾದ ಪ್ಲಾಸ್ಟಿಕ್ ಲೋಟ, ಚೀಲಗಳು ಈಗ ಅಂಗಡಿಗಳಲ್ಲಿ ಸಿಗುತ್ತಿವೆ. ಇವನ್ನು ಹಿತ್ತಲಿನ ತಿಪ್ಪೆಗೆ ಹಾಕಿದರೆ ಗೊಬ್ಬರವಾಗುತ್ತವೆಯೇ?

ಉತ್ತರ: ಬಹುಪಾಲು ಆಗುವುದಿಲ್ಲ. ಗಿಡದಿಂದ ಬಂದದ್ದೆಲ್ಲ ಮಣ್ಣಿಗೆ ಮರಳುತ್ತದೆ ಎಂದು ನಾವು ಸಹಜವಾಗಿ ನಂಬುತ್ತೇವೆ. ಆದರೆ ಪ್ಲಾಸ್ಟಿಕ್ ಕೊಳೆತು ಮಣ್ಣಾಗುವುದು ಅದರ ಅಣುಗಳ ಜೋಡಣೆಯನ್ನು ಅವಲಂಬಿಸಿದೆ, ಮೂಲವನ್ನಲ್ಲ.

ಬ್ರೆಜಿಲ್‌ನ ಟ್ರಿಯುಂಫೊದಲ್ಲಿ ಬ್ರಾಸ್ಕೆಮ್ ಕಂಪನಿ 2010ರಿಂದ ಕಬ್ಬಿನ ಎಥನಾಲ್ ಬಳಸಿ ಪಾಲಿಥೀನ್ ತಯಾರಿಸುತ್ತಿದೆ. ಎಥನಾಲ್‌ನಿಂದ ನೀರಿನಂಶ ತೆಗೆದರೆ ಎಥಿಲೀನ್ ಅನಿಲ ಬರುತ್ತದೆ. ಅದರ ಅಣುಗಳನ್ನು ಪೋಣಿಸಿದರೆ ಸಿಗುವುದು ಪೆಟ್ರೋಲಿಯಂನಿಂದ ಬರುವ ಅದೇ ಪಾಲಿಥೀನ್. ಕಬ್ಬು ಬೆಳೆಯುವಾಗ ಗಾಳಿಯ ಇಂಗಾಲವನ್ನು ಹೀರಿಕೊಳ್ಳುತ್ತದೆ ಎಂಬ ಲಾಭ ನಿಜ, ಆದರೆ ಈ ಚೀಲ ಮಣ್ಣಿನಲ್ಲಿ ಹಳೆಯ ಚೀಲದಂತೆಯೇ ಉಳಿಯುತ್ತದೆ.

ಪಿಎಲ್‌ಎ ಎಂಬ ಪ್ಲಾಸ್ಟಿಕ್‌ನ ಕಥೆ ಬೇರೆ. ಅಮೆರಿಕದ ನೆಬ್ರಾಸ್ಕದಲ್ಲಿರುವ ಬ್ಲೇರ್‌ನ ಕಾರ್ಖಾನೆಯಲ್ಲಿ ಮೆಕ್ಕೆಜೋಳದ ಪಿಷ್ಟವನ್ನು ಸಕ್ಕರೆಯಾಗಿಸಿ, ಬ್ಯಾಕ್ಟೀರಿಯಾಗಳಿಂದ ಹುಳಿಯಿಸಿ, ಲ್ಯಾಕ್ಟಿಕ್ ಆಮ್ಲ ಪಡೆಯುತ್ತಾರೆ. ನಮ್ಮ ಮೊಸರಿಗೆ ಹುಳಿ ಕೊಡುವುದೂ ಇದೇ ಆಮ್ಲ. ಅದನ್ನು ಸರಪಳಿಯಾಗಿ ಕೂಡಿಸಿದ್ದೇ ಪಿಎಲ್‌ಎ. ಸಾಮಾನ್ಯ ಪಿಎಲ್‌ಎ ಲೋಟಕ್ಕೆ ಹಬೆಯಾಡುವ ಕಾಫಿ ಸುರಿದರೆ ಅದು ಮೆತ್ತಗಾಗಿ ಸೊಟ್ಟಗಾಗುತ್ತದೆ, ಏಕೆಂದರೆ ಸುಮಾರು 60 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಿಗಿಯಾಗಿದ್ದ ಸರಪಳಿಗಳು ಸಡಿಲಗೊಳ್ಳುತ್ತವೆ. ಗೊಬ್ಬರವಾಗಲೂ ಬೇಕಾದದ್ದು ಹೆಚ್ಚುಕಡಿಮೆ ಅದೇ ಶಾಖ: ಸಡಿಲಗೊಂಡ ಸರಪಳಿಗಳನ್ನು ನೀರು ತುಂಡರಿಸಿದ ಮೇಲೆಯೇ ಸೂಕ್ಷ್ಮಜೀವಿಗಳು ಅವನ್ನು ತಿನ್ನಬಲ್ಲವು. ದೊಡ್ಡ ಗೊಬ್ಬರ ಘಟಕಗಳಲ್ಲಿ ಆ ಶಾಖವನ್ನು ವಾರಗಟ್ಟಲೆ ಕಾಯ್ದುಕೊಳ್ಳುತ್ತಾರೆ. ಮನೆಯ ತಿಪ್ಪೆ ಅಷ್ಟು ಕಾಲ ಅಷ್ಟು ಬಿಸಿಯಾಗಿರುವುದಿಲ್ಲ, ಸಮುದ್ರವಂತೂ ಆಗುವುದೇ ಇಲ್ಲ.

ಜಗತ್ತಿನಲ್ಲಿ ವರ್ಷಕ್ಕೆ ತಯಾರಾಗುವ 40 ಕೋಟಿ ಟನ್ನಿಗೂ ಹೆಚ್ಚಿನ ಪ್ಲಾಸ್ಟಿಕ್‌ನಲ್ಲಿ ಸಸ್ಯಮೂಲದ್ದು ನೂರಕ್ಕೆ ಒಂದು ಪಾಲೂ ಇಲ್ಲ. ಆದರೂ ಇದು ಬೆಳೆಯುತ್ತಿದೆ. ಉತ್ತರ ಪ್ರದೇಶದ ಕುಂಭಿಯಲ್ಲಿ ಬಲರಾಂಪುರ ಚಿನಿ ಮಿಲ್ಸ್ ಕಬ್ಬಿನಿಂದ ಪಿಎಲ್‌ಎ ತಯಾರಿಸುವ ಕಾರ್ಖಾನೆಯನ್ನು ಕೈಗೆತ್ತಿಕೊಂಡಿದೆ. ಹೀಗೆ ಬೆಳೆಯುವಾಗಲೇ ಕಸದ ವ್ಯವಸ್ಥೆಯೂ ಜೊತೆಗೆ ಬೆಳೆಯಬೇಕೆಂಬುದು ನನ್ನ ಕಳಕಳಿ, ಏಕೆಂದರೆ ಗೊಬ್ಬರ ಘಟಕ ಸಿಗದ ಪಿಎಲ್‌ಎ ಲೋಟ ಬರಿಯ ಕಸವೇ.

ಆದ್ದರಿಂದ ಕೊಳ್ಳುವಾಗ 'ಸಸ್ಯಮೂಲ' ಎಂಬ ಮಾತಿಗಿಂತ 'ಕಾಂಪೋಸ್ಟೇಬಲ್' (ಗೊಬ್ಬರವಾಗಬಲ್ಲದ್ದು) ಎಂಬ ಪದವನ್ನೂ ಐಎಸ್ 17088 ಎಂಬ ಭಾರತೀಯ ಮಾನದಂಡದ ಸಂಖ್ಯೆಯನ್ನೂ ನೋಡಿ. ಅವಿದ್ದರೂ ಆ ಗುರುತು ದೊಡ್ಡ ಘಟಕದ ಶಾಖಕ್ಕೆ ಸಂಬಂಧಿಸಿದ್ದು, ನಿಮ್ಮ ಹಿತ್ತಲಿಗಲ್ಲ. ಕಬ್ಬಿನ ಪಾಲಿಥೀನನ್ನು ಒಣ ಕಸಕ್ಕೆ ಹಾಕಬಹುದು. ಪಿಎಲ್‌ಎ ಲೋಟವನ್ನು ಮಾತ್ರ ನೀರಿನ ಬಾಟಲಿಗಳೊಂದಿಗೆ ಬೆರೆಸಬೇಡಿ, ಅದು ಬೆರೆತರೆ ಆ ಬಾಟಲಿಗಳ ಮರುಬಳಕೆಯೂ ಕೆಡುತ್ತದೆ.