ಬಂಬ್ ಯಾರದ್ದು?

ಹೋದ ತಿಂಗಳು ಪುಣೆ ಪಕ್ಕದ ಉರುಳಿ ದೇವಾಚಿಯ ಒಂದು ಬಟ್ಟೆ ಗೋದಾಮಿಗೆ ಅಗ್ನಿ ಸುರಕ್ಷತೆಯ ತಪಾಸಣೆಗೆ ಹೋಗಿದ್ದೆ. ಮಾಲೀಕರು ವಿಜಯಪುರ ಕಡೆಯವರು. ಪುಣೆಗೆ ಬಂದು ಇಪ್ಪತ್ತು ವರ್ಷ ಆಯ್ತು. ಚಹಾ ತರಿಸಿ, ಹಳೆಯ ಆಸ್ತಿ ತೆರಿಗೆ ಬಿಲ್ ಮುಂದಿಟ್ಟರು. ಅದರಲ್ಲಿ ಅಗ್ನಿಶಮನ ಕರ ಅಂತ ಒಂದು ಸಾಲು. ಅದರ ಮೇಲೆ ಬೆರಳಿಟ್ಟು ಕೇಳಿದರು: "ಸರ, ಈ ರೊಕ್ಕ ಇಷ್ಟು ದಿನ ಪಾಲಿಕೆಗೆ ಕಟ್ಟೀನಿ. ಈಗ ನಮ್ಮ ಊರು ಪಾಲಿಕೆ ಬಿಟ್ಟು ಹೊರಗ ಬಂತು. ನಾಳೆ ಬೆಂಕಿ ಬಿದ್ರ ಬಂಬ್ ಯಾರು ಕಳಸ್ತಾರ?"

ಪುಣೆಯಲ್ಲಿ ಫೈರ್ ಇಂಜಿನ್‌ಗೆ ಬಂಬ್ ಅಂತಲೇ ಹೆಸರು. ಇಲ್ಲಿ ನೆಲೆ ನಿಂತ ಕನ್ನಡದವರ ಬಾಯಲ್ಲೂ ಅದೇ ಬಂದುಬಿಟ್ಟಿದೆ.

ಕರ್ನಾಟಕದಿಂದ ಬಂದವರಿಗೆ ಈ ಪ್ರಶ್ನೆಯೇ ಹೊಸದು. ಅಲ್ಲಿ ಅಗ್ನಿಶಾಮಕ ದಳ ರಾಜ್ಯ ಸರ್ಕಾರದ್ದು. ಊರು ಪುರಸಭೆಗೆ ಸೇರಿದರೂ, ಪಂಚಾಯ್ತಿಗೆ ಸೇರಿದರೂ ಗಾಡಿ ಅದೇ ಇಲಾಖೆಯದ್ದು. ಗೋವಾದಲ್ಲೂ ಹಾಗೇ, ಇಡೀ ರಾಜ್ಯಕ್ಕೆ ಒಂದೇ ನಿರ್ದೇಶನಾಲಯ. ಮಹಾರಾಷ್ಟ್ರದ ರೀತಿ ಬೇರೆ. ಇಲ್ಲಿ ದಳ ಆಯಾ ಪಾಲಿಕೆಯ ಸ್ವಂತದ್ದು. ಪುಣೆಗೆ ಒಂದು, ಪಿಂಪ್ರಿ-ಚಿಂಚವಡಕ್ಕೆ ಒಂದು, ಸುತ್ತಲಿನ ಹಳ್ಳಿಗಳಿಗೆ ಪಿಎಂಆರ್‌ಡಿಎ ಅಂದರೆ ಪುಣೆ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದ್ದು ಒಂದು, ಕೈಗಾರಿಕಾ ವಸಾಹತುಗಳಿಗೆ ಎಂಐಡಿಸಿ ಅಂದರೆ ರಾಜ್ಯದ ಕೈಗಾರಿಕಾ ಅಭಿವೃದ್ಧಿ ನಿಗಮದ್ದು ಮತ್ತೊಂದು. ಹಾಗಾಗಿ ಇಲ್ಲಿ ಊರಿನ ಗಡಿ ಸರಿದರೆ, ಬಂಬಿನ ಗಡಿಯೂ ಸರಿಯುತ್ತದೆ.

ಉರುಳಿ ದೇವಾಚಿ, ಫುರಸುಂಗಿ ಎರಡೂ 2017ರಲ್ಲಿ ಪುಣೆ ಪಾಲಿಕೆಗೆ ಸೇರಿದ 11 ಹಳ್ಳಿಗಳಲ್ಲಿದ್ದವು. ತೆರಿಗೆ ಏರಿತು, ಸೌಲಭ್ಯ ಬರಲಿಲ್ಲ ಅಂತ ಜನ ಸಿಟ್ಟಾದರು. ಎರಡನ್ನೂ ಬೇರೆ ಮಾಡುತ್ತೇವೆ ಅಂತ 2022ರ ಕೊನೆಗೆ ಸರ್ಕಾರ ಹೇಳಿತು. ಊರಲ್ಲೇ ಎರಡು ಪಂಗಡ ಆಯ್ತು. ಬೇಕು ಅನ್ನುವವರೂ ಇದ್ದರು, ಬೇಡ ಅನ್ನುವವರೂ ಇದ್ದರು. 2024ರಲ್ಲಿ ಎರಡೂ ಸೇರಿ ಪ್ರತ್ಯೇಕ ನಗರ ಪರಿಷತ್ತಾಯಿತು.

ಬೇರೆಯಾಗುವುದು ತಪ್ಪು ಅಂತ ನಾನು ಹೇಳುವುದಿಲ್ಲ. ಅದು ಅಲ್ಲಿ ಬದುಕುವವರ ಹಕ್ಕು. ಆದರೆ ನೀರು, ಕಸ, ರಸ್ತೆ ಹಂಚಿಕೊಳ್ಳುವುದಕ್ಕೂ ಮೊದಲೇ ಬಂಬ್ ಯಾರು ಕಳಿಸಬೇಕು ಅಂತ ಕಾಗದ ಮಾಡಿಕೊಳ್ಳಬೇಕು. ಕರೆ ಬಂದರೆ ಹತ್ತಿರದ ಠಾಣೆ ಹೊರಡಬೇಕು, ಗಡಿ ಯಾರದ್ದು ಅಂತ ಕೇಳಬಾರದು. ಪಾಲಿಕೆಯ ಗಡಿಯ ಹೊರಗೆ ಹೋದರೆ ಬಿಲ್ ಮಾಡುವ ಪದ್ಧತಿ ಇದೆ. ಮಾಡಲಿ. ಆ ಲೆಕ್ಕ ಎರಡು ಕಚೇರಿಗಳ ನಡುವೆ ವರ್ಷಕ್ಕೊಮ್ಮೆ ಮುಗಿಯಲಿ. ಫೋನ್ ಹಿಡಿದು ನಿಂತವನಿಗೆ ಅದರ ಬಿಸಿ ತಟ್ಟಬಾರದು, ಅಲ್ವಾ?

"ಹೊಸ ಪರಿಷತ್ತು ತನ್ನದೇ ಒಂದು ಬಂಬ್ ಕೊಂಡರೆ ಆಯ್ತಲ್ಲ" ಅನ್ನುವವರು ಬಹಳ ಮಂದಿ. ಗಾಡಿ ಕೊಳ್ಳುವುದು ಈ ಕೆಲಸದಲ್ಲಿ ಎಲ್ಲಕ್ಕಿಂತ ಸುಲಭ. ಒಂದು ಗಾಡಿಗೆ ಚಾಲಕನೂ ಸೇರಿ ಆರು ಜನ ಬೇಕು. ಮೂರು ಪಾಳಿಗೆ ಹದಿನೆಂಟಾಯಿತು. ರಜೆ, ಕಾಯಿಲೆ, ತರಬೇತಿ ಅಂತ ಲೆಕ್ಕ ಹಾಕಿದರೆ ಇಪ್ಪತ್ತು ದಾಟುತ್ತದೆ. ಇಷ್ಟು ಜನರನ್ನು ನೇಮಿಸಿ, ಹೊಗೆಯೊಳಗೆ ನುಗ್ಗುವುದನ್ನು ಕಲಿಸಿ, ಒಬ್ಬರ ಕೈಸನ್ನೆ ಇನ್ನೊಬ್ಬರಿಗೆ ಅರ್ಥವಾಗುವ ಹೊತ್ತಿಗೆ ವರ್ಷಗಳೇ ಹೋಗುತ್ತವೆ. ಅಲ್ಲಿಯವರೆಗೆ ಆ ಊರು ಕಾಯುತ್ತಾ ಕೂರಬೇಕೇ?

ನೀರಿನ ಲೆಕ್ಕವನ್ನೂ ನೋಡಿ. ಸಾಮಾನ್ಯ ಬಂಬಿನಲ್ಲಿ 4,500 ಲೀಟರ್ ನೀರು. ದೊಡ್ಡ ಪೈಪಿನ ಒಂದು ಧಾರೆ ನಿಮಿಷಕ್ಕೆ ಸುಮಾರು 450 ಲೀಟರ್ ಕುಡಿಯುತ್ತದೆ. ಹತ್ತು ನಿಮಿಷಕ್ಕೆ ಟ್ಯಾಂಕ್ ಖಾಲಿ. ಎರಡು ಧಾರೆ ಬಿಟ್ಟರೆ ಐದೇ ನಿಮಿಷ. ಅಂದರೆ ಗೋದಾಮಿನ ಬೆಂಕಿಗೆ ಒಂದು ಬಂಬ್ ಯಾವತ್ತೂ ಸಾಲದು. ಹಿಂದೆ ಎರಡನೆಯದು, ಮೂರನೆಯದು, ಟ್ಯಾಂಕರ್‌ಗಳು ಸಾಲಾಗಿ ಬರಬೇಕು. 2021ರ ಜನವರಿಯಲ್ಲಿ ಮಂಜರಿಯ ಲಸಿಕೆ ಕಾರ್ಖಾನೆಯಲ್ಲಿ ಬೆಂಕಿ ಬಿದ್ದು ಐವರು ಸತ್ತರು. ಆಗ ಪಾಲಿಕೆಯದ್ದೂ ಬಂತು, ಪಿಎಂಆರ್‌ಡಿಎದ್ದೂ ಬಂತು. ಪೈಪುಗಳ ತುದಿಯ ಜೋಡಣೆ ಎಲ್ಲ ಕಡೆ ಒಂದೇ, 63 ಮಿಲಿಮೀಟರ್. ಒಂದು ದಳದ ಪೈಪನ್ನು ಇನ್ನೊಂದರ ಪೈಪಿಗೆ ಒತ್ತಿದರೆ ಟಕ್ ಅಂತ ಕೂರುತ್ತದೆ. ಯಾವ ಊರಿನ ಗಾಡಿ ಬಂದರೂ ಒಟ್ಟಿಗೆ ಕೆಲಸ ಆಗಲಿ ಅಂತಲೇ ಹಾಗೆ ಮಾಡಿದ್ದಾರೆ. ಕಚೇರಿಗಳ ಕಾಗದವೂ ಅಷ್ಟೇ ಸಲೀಸಾಗಿ ಕೂಡಬೇಕು ಅನ್ನುವುದು ನನ್ನ ಆಸೆ.

ಮಾಲೀಕರಿಗೆ ಇನ್ನೊಂದು ಮಾತೂ ಹೇಳಬೇಕಾಯ್ತು. ಮಹಾರಾಷ್ಟ್ರದ 2006ರ ಅಗ್ನಿ ಸುರಕ್ಷತಾ ಕಾಯ್ದೆಯ ಪ್ರಕಾರ ಕಟ್ಟಡದೊಳಗಿನ ವ್ಯವಸ್ಥೆ ಸರಿಯಾಗಿಡುವುದು ಮಾಲೀಕ ಅಥವಾ ಬಳಸುವವನ ಜವಾಬ್ದಾರಿ. ಜನವರಿಗೊಮ್ಮೆ, ಜುಲೈಗೊಮ್ಮೆ ಲೈಸೆನ್ಸ್ ಇರುವ ಏಜೆನ್ಸಿಯಿಂದ ಆ ವ್ಯವಸ್ಥೆ ಸರಿಯಾಗಿದೆ ಅನ್ನುವ ಫಾರ್ಮ್ ಬಿ ಪ್ರಮಾಣಪತ್ರ ಮಾಡಿಸಿ ಕೊಡಬೇಕು. ಊರು ಪಾಲಿಕೆಯಲ್ಲಿದ್ದರೂ ಅಷ್ಟೇ, ಪರಿಷತ್ತಿನಲ್ಲಿದ್ದರೂ ಅಷ್ಟೇ. ಗಡಿ ಬದಲಾಯ್ತು ಅಂತ ಈ ಕೆಲಸ ಸುಮ್ನೆ ಮುಂದೂಡುವವರನ್ನು ನೋಡಿದಾಗ ನನಗೆ ಹೊಟ್ಟೆ ಉರಿಯುತ್ತದೆ. ಯಾಕೆಂದರೆ ಇದೇ ಉರುಳಿ ದೇವಾಚಿಯಲ್ಲಿ 2019ರ ಮೇ ತಿಂಗಳಲ್ಲಿ ಒಂದು ಸೀರೆ ಅಂಗಡಿ ಹೊತ್ತಿತು. ಒಳಗೆ ಮಲಗಿದ್ದ ಐದು ಕೆಲಸಗಾರರು ಸತ್ತರು. ಹೊರಗಿನಿಂದ ಬೀಗ ಹಾಕಿತ್ತು. ಆಗ ಊರು ಪಾಲಿಕೆಯಲ್ಲೇ ಇತ್ತು.

ಚಹಾ ಮುಗಿದ ಮೇಲೆ ಅವರನ್ನು ನನ್ನ ಕಾರಿನಲ್ಲಿ ಕೂರಿಸಿಕೊಂಡು ಹಡಪಸರದ ಅಗ್ನಿಶಾಮಕ ಠಾಣೆಯವರೆಗೆ ಹೋದೆ. ಅಲ್ಲಿಂದ ಗಡಿಯಾರ ನೋಡಿಕೊಂಡು ವಾಪಸ್ ಹೊರಟೆವು. ಸಂಜೆ ಏಳು ಗಂಟೆ. ಸಾಸವಡ ರಸ್ತೆ, ಮಂತರವಾಡಿ ಚೌಕ, ಸಾಲುಗಟ್ಟಿದ ಲಾರಿಗಳು. ಗೋದಾಮಿನ ಬಾಗಿಲು ಮುಟ್ಟುವಾಗ ಮೂವತ್ತೊಂದು ನಿಮಿಷ ಆಗಿತ್ತು. ಸೈರನ್ ಹಾಕಿದ ಬಂಬ್ ಇನ್ನೂ ಬೇಗ ಬಂದೀತು, ಆದರೆ ಆ ಲಾರಿಗಳು ಸರಿಯಲು ಜಾಗ ಎಲ್ಲಿದೆ?

ಅವರು ಕಾರಿನಿಂದ ಇಳಿಯಲೇ ಇಲ್ಲ, ಸ್ವಲ್ಪ ಹೊತ್ತು ಶಟರ್ ನೋಡುತ್ತಾ ಕೂತರು. ಆಮೇಲೆ ಹೇಳಿದರು: "ನಮ್ಮ ನಾಲ್ಕು ಹುಡುಗರು ರಾತ್ರಿ ಒಳಗೇ ಮಲಗತಾರ, ಸರ."

ಈಗ ಹುಡುಗರಿಗೆ ಎದುರಿನ ಚಾಳದಲ್ಲಿ ರೂಮ್ ಮಾಡಿಕೊಟ್ಟಿದ್ದಾರೆ. ಹಿಂದಿನ ಗೋಡೆ ಒಡೆದು ಎರಡನೇ ಬಾಗಿಲು ಇಡುವ ಕೆಲಸ ಈ ವಾರ ಶುರುವಾಗಿದೆ. ಬಂಬ್ ಯಾರು ಕಳಿಸುತ್ತಾರೆ ಅಂತ ಪರಿಷತ್ತಿಗೆ, ಪಾಲಿಕೆಗೆ, ಪಿಎಂಆರ್‌ಡಿಎಗೆ ಮೂರು ಅರ್ಜಿ ಬರೆದಿದ್ದೇವೆ. ಮರಾಠಿಯಲ್ಲಿ ಬರೆದವನು ಆ ನಾಲ್ವರಲ್ಲೇ ಒಬ್ಬ ಹುಡುಗ.