ಒಣಗಬೇಕಾದರೆ ತೇವ ಬೇಕು

ಬಣ್ಣ ಬಳಿದ ಮಣೆಯನ್ನು ನಾವು ಬಿಸಿಲಿಗೆ ಇಡುತ್ತೇವೆ. ಮಳೆಗಾಲ ಬಂತೆಂದರೆ ಪೇಂಟಿಂಗ್ ಕೆಲಸವನ್ನೇ ಮುಂದೂಡುತ್ತೇವೆ. ಜಪಾನಿನ ವಾಜಿಮಾ ಊರಿನಲ್ಲಿ ಎಲ್ಲ ಉಲ್ಟಾ. ಅಲ್ಲಿ ಉರುಶಿ ಎಂಬ ಮೆರುಗು ಬಳಿದ ಬಟ್ಟಲನ್ನು ಮರದ ಕಪಾಟಿನಲ್ಲಿ ಇಟ್ಟು, ಒಳಗಿನ ಹಲಗೆಗೆ ನೀರು ಸವರಿ ಬಾಗಿಲು ಹಾಕುತ್ತಾರೆ. ಆ ಕಪಾಟಿಗೆ ‘ಫುರೊ’ ಅಂತ ಹೆಸರು. ಜಪಾನಿ ಭಾಷೆಯಲ್ಲಿ ಸ್ನಾನಕ್ಕೂ ಅದೇ ಮಾತು. ಒಣಗಲಿ ಎಂದು ಬಚ್ಚಲಿಗೆ ಕಳಿಸಿದ ಹಾಗಾಯಿತು, ಅಲ್ವಾ?

ಜಪಾನಿನ ಕುಶಲಕಲೆ ಅಂದ ಕೂಡಲೇ ‘ಅದು ಅವರ ರಕ್ತದಲ್ಲೇ ಇದೆ’, ‘ಸಾವಿರಾರು ವರ್ಷದ ಗುಟ್ಟು’ ಎಂಬ ಮಾತುಗಳು ವಾಟ್ಸಾಪಿನಲ್ಲಿ ಓಡಾಡುತ್ತವೆ. ಓದಿದಾಗಲೆಲ್ಲ ನನಗೆ ಕಿರಿಕಿರಿ. ರಕ್ತದಲ್ಲಿ ಮೂಗಿನ ಆಕಾರ ಬರಬಹುದು, ಬಟ್ಟಲಿಗೆ ಉರುಶಿ ಬಳಿಯುವುದು ಬರುವುದಿಲ್ಲ. ಅಲ್ಲಿರುವುದು ಗುಟ್ಟಲ್ಲ, ಒಂದು ಕಿಣ್ವ.

ಉರುಶಿ ಎಂದರೆ ಒಂದು ಮರದ ಸೊನೆ. ಆ ಮರ ನಮ್ಮ ಮಾವು, ಗೇರುಗಳ ದಾಯಾದಿ. ಮಾವಿನ ತೊಟ್ಟು ಕಚ್ಚಿ ತುಟಿ ಸುಟ್ಟುಕೊಂಡವರಿಗೆ, ಹಸಿ ಗೇರುಬೀಜ ಸುಲಿದು ಕೈ ಕಪ್ಪು ಮಾಡಿಕೊಂಡವರಿಗೆ ಈ ಕುಟುಂಬದ ಸಿಟ್ಟು ಗೊತ್ತು. ಹಸಿ ಉರುಶಿ ತಾಗಿದರೆ ಮೈಯೆಲ್ಲ ತುರಿಕೆ, ಬೊಬ್ಬೆ. ಕೆಲಸಕ್ಕೆ ಹೊಸದಾಗಿ ಸೇರಿದವರಲ್ಲಿ ಇದನ್ನು ಅನುಭವಿಸದವರು ಕಡಿಮೆ. ಅದೇ ಉರುಶಿ ಪೂರ್ತಿ ಗಟ್ಟಿಯಾದ ಮೇಲೆ ಆ ಬಟ್ಟಲಲ್ಲಿ ಬಿಸಿ ಮಿಸೊ ಸಾರು ಕುಡಿಯಬಹುದು.

ನಡುವೆ ಏನಾಗುತ್ತದೆ? ಸೊನೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಇರುವುದು ಉರುಶಿಯಾಲ್ ಎಂಬ ಎಣ್ಣೆಯಂಥ ವಸ್ತು. ಸುಮಾರು ಕಾಲು ಭಾಗ ನೀರು. ಸ್ವಲ್ಪ ಅಂಟು. ನೂರರಲ್ಲಿ ಒಂದು ಪಾಲೂ ಇಲ್ಲದಷ್ಟು ಲ್ಯಾಕೇಸ್ ಎಂಬ ಕಿಣ್ವ. ಎಣ್ಣೆಯ ನಡುವೆ ನೀರಿನ ಸಣ್ಣ ಸಣ್ಣ ಹನಿಗಳು, ಆ ಹನಿಗಳಲ್ಲಿ ಕಿಣ್ವದ ವಾಸ. ಅದರ ಹೊಟ್ಟೆಯಲ್ಲಿ ತಾಮ್ರದ ಪರಮಾಣುಗಳಿವೆ. ಅವು ಗಾಳಿಯ ಆಮ್ಲಜನಕವನ್ನು ಹಿಡಿದು ಉರುಶಿಯಾಲ್ ಅಣುಗಳನ್ನು ಕೆಣಕುತ್ತವೆ. ಕೆಣಕಿದ ಅಣು ಸುಮ್ನೆ ಕೂರುವುದಿಲ್ಲ, ಪಕ್ಕದ ಅಣುವಿಗೆ ಗಂಟು ಬೀಳುತ್ತದೆ. ಅದು ಇನ್ನೊಂದಕ್ಕೆ. ಕೊನೆಗೆ ಬಲೆ ಹೆಣೆದ ಹಾಗೆ ಒಂದೇ ಪದರ.

ಬದನೆಕಾಯಿ ಹೆಚ್ಚಿ ಹಾಗೇ ಬಿಟ್ಟರೆ ಕಪ್ಪಾಗುತ್ತದಲ್ಲ, ಅಲ್ಲಿಯೂ ತಾಮ್ರ ಹೊತ್ತ ಇಂಥದ್ದೇ ಕಿಣ್ವದ ಕೈವಾಡ. ನಾವು ಹೋಳನ್ನು ನೀರಿಗೆ ಹಾಕಿ ಗಾಳಿ ತಾಗದಂತೆ ಮಾಡಿ ಅದನ್ನು ತಡೆಯುತ್ತೇವೆ. ಉರುಶಿಯವರು ಅದನ್ನು ಕರೆದು ಕೂರಿಸಿ ಉಪಚಾರ ಮಾಡುತ್ತಾರೆ.

ಇನ್ನೊಂದು ಹೋಲಿಕೆ ಕೊಡದಿದ್ದರೆ ನನಗೆ ಸಮಾಧಾನವಿಲ್ಲ. ತಾರಸಿ ಹಾಕಿದ ಮೇಲೆ ಮೇಸ್ತ್ರಿ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸುತ್ತಾನೆ. ಕ್ಯೂರಿಂಗ್ ಅನ್ನುತ್ತಾನೆ. ಸಿಮೆಂಟು ಒಣಗಿ ಗಟ್ಟಿಯಾಗುವುದಲ್ಲ, ನೀರಿನೊಂದಿಗೆ ಸೇರಿ ಗಟ್ಟಿಯಾಗುವುದು. ಬೇಗ ಒಣಗಿದರೆ ಬಿರುಕು. ಉರುಶಿಯಲ್ಲಿ ನೀರು ಹೀಗೆ ಸೇರಿಕೊಳ್ಳುವುದಿಲ್ಲ ನಿಜ, ಆದರೆ ನೀರು ಆರಿಹೋದರೆ ಕಿಣ್ವ ಕೈಕಟ್ಟಿ ಕೂರುತ್ತದೆ, ಪದರ ಅಂಟಂಟಾಗಿಯೇ ಉಳಿಯುತ್ತದೆ. ಹಾಗಂತ ತೇವ ಅತಿಯಾದರೂ ಕಷ್ಟ. ಮೇಲ್ಮೈ ಅವಸರದಲ್ಲಿ ಗಟ್ಟಿಯಾಗಿ, ಕಾಯಿಸಿದ ಹಾಲಿನ ಕೆನೆಯಂತೆ ಸುಕ್ಕುಗಟ್ಟುತ್ತದೆ. ಸುಮಾರು 25 ಡಿಗ್ರಿ ಶಾಖ, ಗಾಳಿಯಲ್ಲಿ ಶೇಕಡಾ 70ರಿಂದ 85ರ ತೇವ ಇದ್ದರೆ ಹದ. ಬೆಂಗಳೂರಿನ ಡಿಸೆಂಬರ್‌ನಲ್ಲಿ ದೋಸೆ ಹಿಟ್ಟು ಹುಳಿ ಬರಿಸಿದವರಿಗೆ ಈ ಹದದ ಮಾತು ಬೇಗ ಅರ್ಥವಾಗುತ್ತದೆ.

ಈ ಕಿಣ್ವವನ್ನು ಗುರುತಿಸಿದ್ದು ಜಪಾನಿನದೇ ರಸಾಯನಶಾಸ್ತ್ರಜ್ಞ ಹಿಕೊರೊಕುರೊ ಯೊಶಿದಾ, 1883ರಲ್ಲಿ. ಲ್ಯಾಕೇಸ್ ಎಂದು ಹೆಸರಿಟ್ಟದ್ದು ಫ್ರಾನ್ಸಿನ ಗೇಬ್ರಿಯೆಲ್ ಬರ್ತ್ರಾಂ, ಅದಾಗಿ ಹತ್ತು-ಹನ್ನೆರಡು ವರ್ಷಕ್ಕೆ. ಈ ಹೆಸರಿನ ಬೇರು ಹುಡುಕಿ ಹೊರಟರೆ ನೀವು ಬಂದು ನಿಲ್ಲುವುದು ನಮ್ಮ ‘ಲಾಕ್ಷಾ’ದ ಹತ್ತಿರ, ಅಂದರೆ ಅರಗು! ಯುರೋಪಿನವರಿಗೆ ಹೊಳೆಯುವುದೆಲ್ಲ ‘ಲ್ಯಾಕರ್’ ಆಗಿತ್ತು. ಈಗಲೂ ಚನ್ನಪಟ್ಟಣದ ಗೊಂಬೆ, ಜಪಾನಿನ ಬಟ್ಟಲು ಎರಡಕ್ಕೂ ಅದೇ ಹೆಸರು ಅಂಟಿಸುವವರಿದ್ದಾರೆ. ದಯವಿಟ್ಟು ಬೇಡ. ಅರಗು ಕೀಟ ಸುರಿಸುವ ಅಂಟು. ಲೇತ್‌ನಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೆ ಕರಗಿ ಹತ್ತಿಕೊಳ್ಳುತ್ತದೆ. ಮತ್ತೆ ಬಿಸಿ ಮಾಡಿದರೆ ಮತ್ತೆ ಕರಗುತ್ತದೆ. ಉರುಶಿ ಒಮ್ಮೆ ಗಟ್ಟಿಯಾದರೆ ಕರಗುವ ಮಾತೇ ಇಲ್ಲ. ದುರ್ಯೋಧನ ಉರುಶಿ ಬಳಸಿದ್ದರೆ ಪಾಂಡವರಿಗೆ ಅನುಮಾನವೇ ಬರುತ್ತಿರಲಿಲ್ಲವೇನೋ.

ಗಟ್ಟಿತನ ಎಷ್ಟು ಅಂತೀರಾ? 1873ರ ವಿಯೆನ್ನಾ ವಸ್ತುಪ್ರದರ್ಶನಕ್ಕೆ ಹೋಗಿದ್ದ ಜಪಾನಿನ ಸಾಮಾನುಗಳನ್ನು ಹೊತ್ತು ‘ನೀಲ್’ ಎಂಬ ಫ್ರೆಂಚ್ ಹಡಗು ವಾಪಸು ಬರುತ್ತಿತ್ತು. 1874ರ ಮಾರ್ಚ್‌ನಲ್ಲಿ ಅದು ಇಜು ತೀರದ ಹತ್ತಿರ ಮುಳುಗಿತು. ಒಂದು ವರ್ಷಕ್ಕೂ ಹೆಚ್ಚು ಕಾಲ ಸಮುದ್ರದ ಉಪ್ಪುನೀರಿನಲ್ಲಿ ಇದ್ದು ಮೇಲೆ ಬಂದ ಉರುಶಿ ಪಾತ್ರೆಗಳಿಗೆ ಹೆಚ್ಚೇನೂ ಆಗಿರಲಿಲ್ಲ. ಆಮ್ಲಕ್ಕೂ ಬಗ್ಗದ ಈ ಪದರಕ್ಕೆ ಶತ್ರು ಒಂದೇ, ಬಿಸಿಲು. ಅತಿನೇರಳೆ ಕಿರಣಕ್ಕೆ ಹೊಳಪು ಹೋಗಿ ಮಾಸುತ್ತದೆ.

ಇನ್ನು ಕಲಿಸುವ ಕಥೆ. ವಾಜಿಮಾದ ಒಂದು ಬಟ್ಟಲಿಗೆ ನೂರಕ್ಕೂ ಹೆಚ್ಚು ಹಂತಗಳಿವೆ. ಮರ ಕಡೆಯುವವರು ಒಬ್ಬರು. ಅಂಚಿಗೆ ಬಟ್ಟೆ ಅಂಟಿಸಿ, ಆ ಊರಿನದೇ ಒಂದು ಮಣ್ಣನ್ನು ಹುರಿದು ಪುಡಿಮಾಡಿ ಉರುಶಿಗೆ ಬೆರೆಸಿ ತಳ ಕಟ್ಟುವವರು ಇನ್ನೊಬ್ಬರು. ಕೊನೆಯ ಕೋಟು ಬಳಿಯುವವರು, ಚಿನ್ನದ ಪುಡಿ ಉದುರಿಸುವವರು ಬೇರೆ. ಮಗ ಅಪ್ಪನ ಹತ್ತಿರವೇ ಕಲಿಯಬೇಕೆಂದೇನಿಲ್ಲ. ಹೊರಗಿನ ಹುಡುಗ ಶಿಷ್ಯನಾಗಿ ಸೇರಿ, ವರ್ಷಗಳ ನಂತರ ಗುರುವಿನ ಜೊತೆ ‘ಸಾಕೆ’ ಎಂಬ ಅಕ್ಕಿಯ ಮದ್ಯದ ಬಟ್ಟಲು ಹಂಚಿಕೊಂಡು ಕಲಿಕೆ ಮುಗಿಸುವ ಪದ್ಧತಿ ಇದೆ. 1967ರಲ್ಲಿ ಇಶಿಕಾವಾ ಪ್ರಾಂತ್ಯವೇ ಅಲ್ಲೊಂದು ಉರುಶಿ ಶಾಲೆ ತೆರೆಯಿತು.

ಸರ್ಕಾರದ ಕೈಯೂ ಇದೆ. 1949ರಲ್ಲಿ ಹೊರ್ಯುಜಿ ದೇವಾಲಯದ ಗೋಡೆಚಿತ್ರಗಳು ಬೆಂಕಿಗೆ ಹಾಳಾದವು. ಮರುವರ್ಷವೇ ಇಂಥ ಸಾಂಸ್ಕೃತಿಕ ಆಸ್ತಿಗಳನ್ನು ಕಾಪಾಡುವ ಕಾನೂನು ಬಂತು. 1954ರ ತಿದ್ದುಪಡಿಯ ನಂತರ ವಸ್ತುವಿಗಷ್ಟೇ ಅಲ್ಲ, ವಿದ್ಯೆ ಬಲ್ಲ ಮನುಷ್ಯನಿಗೂ ಮಾನ್ಯತೆ ಸಿಕ್ಕಿತು. ಜನ ಅವರನ್ನು ‘ಜೀವಂತ ರಾಷ್ಟ್ರೀಯ ನಿಧಿ’ ಅನ್ನುತ್ತಾರೆ. ವರ್ಷಕ್ಕೆ 20 ಲಕ್ಷ ಯೆನ್ ಕೊಡುತ್ತಾರೆ, ಹೊಸಬರಿಗೆ ಕಲಿಸಲಿ ಎಂದು.

ಆದರೆ ಗುರು-ಶಿಷ್ಯರಿಬ್ಬರೇ ಇದ್ದರೆ ಸಾಲದು. ಉರುಶಿ ಬಳಿಯುವ ಬ್ರಷ್ಷನ್ನೇ ನೋಡಿ. ಅದರಲ್ಲಿರುವುದು ಮನುಷ್ಯರ ತಲೆಗೂದಲು, ಅದರಲ್ಲೂ ಹೆಂಗಸರ ಉದ್ದನೆಯ ಕೂದಲು. ಅದನ್ನು ಅಂಟಿನಲ್ಲಿ ಅದ್ದಿ ಹಲಗೆಯಂತೆ ಮಾಡಿ, ಎರಡು ಮರದ ಪಟ್ಟಿಗಳ ನಡುವೆ ಸೇರಿಸುತ್ತಾರೆ. ಒಳ್ಳೆಯ ಬ್ರಷ್ಷಿನಲ್ಲಿ ಕೂದಲು ಹಿಡಿಯ ತುದಿಯವರೆಗೂ ಇರುತ್ತದೆ. ಮುಂದಿನ ಕೂದಲು ಸವೆದರೆ ಪೆನ್ಸಿಲ್ ಹೆರೆದ ಹಾಗೆ ಮರ ಹೆರೆದು ಹೊಸ ಕೂದಲು ತೆಗೆಯುತ್ತಾರೆ. ಇದನ್ನು ಮಾಡುವವರು ಬೆರಳೆಣಿಕೆಯಷ್ಟು ಮಂದಿ. ಅವರು ನಿಲ್ಲಿಸಿದರೆ ರಾಷ್ಟ್ರೀಯ ನಿಧಿಯ ಕೈಯೂ ಖಾಲಿ.

2024ರ ಜನವರಿ 1ರಂದು ವಾಜಿಮಾ ಇರುವ ನೊಟೊ ಪರ್ಯಾಯ ದ್ವೀಪದಲ್ಲಿ 7.6 ತೀವ್ರತೆಯ ಭೂಕಂಪವಾಯಿತು. ವಾಜಿಮಾದ ಹಳೆಯ ಮುಂಜಾನೆ ಸಂತೆಯ ಬೀದಿ ಸುಟ್ಟುಹೋಯಿತು. ಎಷ್ಟೋ ಕಾರ್ಯಾಗಾರಗಳು ಕುಸಿದವು. ಒಂದು ಹಂತದವರು ಊರು ಬಿಟ್ಟರೆ ಮುಂದಿನ ಹಂತದವರಿಗೆ ಕೆಲಸವಿಲ್ಲ.

ಮರದ ಕಥೆಯೂ ಅಷ್ಟೇ. ಜಪಾನಿನಲ್ಲಿ ಬಳಕೆಯಾಗುವ ಉರುಶಿಯ ಬಹುಪಾಲು ಚೀನಾದಿಂದ ಬರುತ್ತದೆ. ದೇಶದೊಳಗಿನ ಸೊನೆಯ ಹೆಚ್ಚಿನ ಪಾಲು ಇವಾತೆ ಪ್ರಾಂತ್ಯದ ಜೊಬೊಜಿಯದು. ಅಲ್ಲಿ ಜೂನ್‌ನಿಂದ ಶರತ್ಕಾಲದವರೆಗೆ ನಾಲ್ಕೈದು ದಿನಕ್ಕೊಮ್ಮೆ ತೊಗಟೆಗೆ ಒಂದು ಗೀರು ಹಾಕುತ್ತಾರೆ. ಪ್ರತಿ ಗೀರು ಹಿಂದಿನದಕ್ಕಿಂತ ಕೊಂಚ ಉದ್ದ. ಇಡೀ ಋತುವಿಗೆ ಒಂದು ಮರ ಕೊಡುವುದು ಸುಮಾರು 200 ಗ್ರಾಂ, ಒಂದು ಲೋಟದಷ್ಟು. ಆಮೇಲೆ ಮರ ಕಡಿಯುತ್ತಾರೆ, ಬುಡದಿಂದ ಮತ್ತೆ ಚಿಗುರುತ್ತದೆ. ಮುಂದಿನ ಲೋಟಕ್ಕೆ 10ರಿಂದ 15 ವರ್ಷ ಕಾಯಬೇಕು. ರಾಷ್ಟ್ರೀಯ ಮಹತ್ವದ ಕಟ್ಟಡಗಳ ದುರಸ್ತಿಗೆ ದೇಶಿ ಉರುಶಿಯನ್ನೇ ಬಳಸಬೇಕೆಂದು 2015ರಲ್ಲಿ ಅಲ್ಲಿನ ಸಂಸ್ಕೃತಿ ಇಲಾಖೆ ಹೇಳಿತು. ಆಗ ನೆಟ್ಟ ಸಸಿಗಳಿಗೆ ಈಗಷ್ಟೇ ಮೊದಲ ಗೀರು ತಡೆಯುವ ವಯಸ್ಸು ಬರುತ್ತಿದೆ.